ಕಿಲ್ಟ್ ಸಾವಿರ ವರ್ಷದ ಉಡುಪಲ್ಲ

ಮಾನ್ಯರೇ,

ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮಂಡಿಯವರೆಗಿನ ನಿರಿಗೆಯ ಉಡುಪಾದ ಕಿಲ್ಟ್ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಅದನ್ನು ಸಾವಿರಾರು ವರ್ಷಗಳ ಉಡುಪೆಂದಿದೆ. ಒಂದೊಂದು ಕುಲಕ್ಕೂ ಒಂದೊಂದು ಚೌಕಳಿ ಮೊದಲಿನಿಂದಲೂ ಗೊತ್ತಾಗಿತ್ತು ಎಂದೂ ಹೇಳಿದೆ. ಎರಡೂ ಸರಿಯಲ್ಲ.

16ನೇ ಶತಮಾನದ ಕೊನೆಗೆ ಹೈಲ್ಯಾಂಡ್ಸ್ ಎಂಬ ಸ್ಕಾಟ್ಲೆಂಡಿನ ಗುಡ್ಡಗಾಡಿನ ಗಂಡಸರು ಉಡುತ್ತಿದ್ದದ್ದು ಉದ್ದನೆಯ ಉಣ್ಣೆ ಬಟ್ಟೆ. ಮಗ್ಗದ ಪನ್ನ (ಬಟ್ಟೆಯ ಅಗಲ) ಕಡಿಮೆಯಿದ್ದುದರಿಂದ ಎರಡು ಪಟ್ಟಿ ಜೋಡಿಸಿ ಹೊಲಿಯುತ್ತಿದ್ದರು. ಉದ್ದ ನಾಲ್ಕೈದು ಗಜ. ಅದನ್ನು ಉಡುವ ಕ್ರಮವನ್ನು ಈಗಲೂ ಹೀಗೆ ತೋರಿಸುತ್ತಾರೆ: ನೆಲದ ಮೇಲೆ ಬೆಲ್ಟ್ ಇಟ್ಟು ಅದರ ಮೇಲೆ ಬಟ್ಟೆ ಹಾಸಬೇಕು. ಎರಡು ತುದಿ ಬಿಟ್ಟು ನಡುಭಾಗಕ್ಕೆ ನಿರಿಗೆ ಹಿಡಿದು, ಕೆಳ ಅಂಚು ಮಂಡಿಗೆ ಬರುವಂತೆ ಮಲಗಿ, ತುದಿಗಳನ್ನು ಮುಂದೆ ಒಂದರ ಮೇಲೊಂದು ತಂದು ಬೆಲ್ಟ್ ಬಿಗಿಯಬೇಕು. ಎದ್ದು ನಿಂತಾಗ ಜೋತುಬೀಳುವ ಮೇಲ್ಭಾಗವನ್ನು ಹೆಗಲಿಗೆ ಪಿನ್ನು ಮಾಡುತ್ತಿದ್ದರು. ಮಳೆ ಬಂದರೆ ಅದೇ ತಲೆಗೆ, ರಾತ್ರಿ ಅದೇ ಕಂಬಳಿ.

ಕೆಳಗಿನ ಅರ್ಧವನ್ನಷ್ಟೇ ಉಡುವ ರೂಢಿ 18ನೇ ಶತಮಾನದ್ದು. ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ವ್ಯಕ್ತಿ ಅದನ್ನು 1720ರ ದಶಕದಲ್ಲಿ ರೂಪಿಸಿದನೆಂಬ ಮಾತಿಗೆ ಮುಖ್ಯ ಆಧಾರ 1785ರಲ್ಲಿ ಅಚ್ಚಾದ ಒಂದು ಪತ್ರ. ಅದನ್ನೇ ಇತ್ಯರ್ಥವೆಂದು ಬರೆಯುವುದು ನ್ಯಾಯವಲ್ಲ.

1746ರಲ್ಲಿ ಬ್ರಿಟಿಷ್ ದೊರೆಯ ವಿರುದ್ಧ ದಂಗೆಯೆದ್ದವರು, ಬಹುಮಟ್ಟಿಗೆ ಹೈಲ್ಯಾಂಡಿನವರು, ಕಲೊಡನ್ ಯುದ್ಧ ಸೋತ ಮೇಲೆ ಕಿಲ್ಟ್ ನಿಷೇಧವಾಯಿತು. ಮೊದಲ ಬಾರಿ ಸಿಕ್ಕಿಬಿದ್ದರೆ ಆರು ತಿಂಗಳು ಸೆರೆ, ಎರಡನೇ ಬಾರಿ ಏಳು ವರ್ಷ ಗಡೀಪಾರು. ಬ್ರಿಟಿಷ್ ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ನಿಷೇಧ ಹೋಗುವವರೆಗೆ ಈ ಉಡುಪನ್ನು ಉಳಿಸಿದ್ದು ಹೈಲ್ಯಾಂಡ್ ಪಡೆಗಳೇ. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಕುಲದ ಮುಖಂಡರಿಂದ ಅವರವರ ಚೌಕಳಿಯ ಮಾದರಿ ಕೇಳಿದಾಗ ಎಷ್ಟೋ ಮಂದಿಗೆ ತಮ್ಮದು ಯಾವುದೆಂದೇ ಗೊತ್ತಿರಲಿಲ್ಲ. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದು ಕಿಲ್ಟ್ ತೊಟ್ಟ ಮೇಲೆ ಅದು ಇಡೀ ಸ್ಕಾಟ್ಲೆಂಡಿನ ಗುರುತಾಯಿತು.

ಲೇಖನದ ಜೊತೆಗಿನ ಚಿತ್ರದಲ್ಲಿ ನಿರಿಗೆ ಮುಂದಕ್ಕೆ ಬಂದಿದೆ. ಸೀರೆಗೆ ಅದು ಸರಿ, ಕಿಲ್ಟಿಗೆ ನಿರಿಗೆ ಹಿಂದೆ. ಮುಂದೆ ಎರಡು ಸಪಾಟು ಪದರ, ಮೇಲಿನದು ಬಲಗಡೆಗೆ ಮುಗಿಯಬೇಕು. ಪಿನ್ನನ್ನು ಆ ಮೇಲಿನ ಪದರಕ್ಕೊಂದಕ್ಕೇ ಚುಚ್ಚಬೇಕು. ಎರಡಕ್ಕೂ ಸೇರಿಸಿ ಚುಚ್ಚಿದರೆ ಕೂರುವಾಗ ಬಟ್ಟೆ ಜಗ್ಗಿ ಹರಿಯುತ್ತದೆ.

ಗ್ಲಾಸ್ಗೋ, ಎಡಿನ್‌ಬರೋಗಳಲ್ಲಿ ಓದುವ ನಮ್ಮ ಹುಡುಗರು ಪದವಿ ಪ್ರದಾನಕ್ಕೆ ಬಾಡಿಗೆ ಕಿಲ್ಟ್ ತರುವುದುಂಟು. ಅವರು ಜೀನ್ಸ್ ಅಳತೆ ಕೊಡಬಾರದು. ಕಿಲ್ಟ್ ಕೂರುವುದು ಸೊಂಟದ ಮೂಳೆಯ ಮೇಲಲ್ಲ, ಹೊಕ್ಕುಳದ ಮಟ್ಟದಲ್ಲಿ. ಅಲ್ಲಿಯ ಸುತ್ತಳತೆ ಸಾಮಾನ್ಯವಾಗಿ ಎರಡು ಮೂರು ಇಂಚು ಹೆಚ್ಚು. ಕೆಳಗಿಳಿಸಿ ಕಟ್ಟಿದರೆ ಅಂಚು ಮಂಡಿ ದಾಟುತ್ತದೆ, ಹಿಂದಿನ ನಿರಿಗೆ ಬಾಯಿ ಬಿಡುತ್ತದೆ. ಮಂಡಿಯೂರಿದಾಗ ಅಂಚು ನೆಲದಿಂದ ಸುಮಾರು ಒಂದು ಇಂಚು ಮೇಲಿದ್ದರೆ ಉದ್ದ ಸರಿಯಿದೆ.

ಹೊಲಿಸಿಕೊಳ್ಳುವವರಿಗೆ: ಪೂರ್ತಿ ಕಿಲ್ಟಿಗೆ ಕಡಿಮೆ ಪನ್ನದ ಬಟ್ಟೆ ಸುಮಾರು ಎಂಟು ಗಜ, ದೊಡ್ಡ ಪನ್ನದ್ದಾದರೆ ನಾಲ್ಕು ಗಜ ಬೇಕು. ಕೆಳಗೆ ಮಡಿಚಿ ಹೊಲಿಯುವುದಿಲ್ಲ, ನೇಯ್ಗೆಯ ಅಂಚೇ ಕೆಳಗೆ ಬರುತ್ತದೆ. ಆದ್ದರಿಂದ ಉದ್ದ ತಪ್ಪಿದರೆ ಆಮೇಲೆ ಸರಿಪಡಿಸುವುದು ಕಷ್ಟ. ಎತ್ತಿಡುವಾಗ ನಿರಿಗೆಗಳಿಗೆ ಕಚ್ಚಾ ಹೊಲಿಗೆ ಹಾಕಿಟ್ಟರೆ ಮಡಿಕೆ ಕೆಡುವುದಿಲ್ಲ.

– ವಸ್ತ್ರವಿನ್ಯಾಸದ ಅಧ್ಯಾಪಕರು, ಮೈಸೂರು