ಹಳೆಯ ಪ್ಯಾನೆಲ್ ಅಳೆಯಲು ಕಲಿಸಿದವರಿಗೆ

ಹೆಸರು ಹೇಳದೆ ನೆರವಾದ ಆ ಪುಣ್ಯಾತ್ಮರಿಗೆ ನಮಸ್ಕಾರ. ಬಳಸಿದ ಸೋಲಾರ್ ಪ್ಯಾನೆಲ್ ಕೊಳ್ಳುವ ಮುನ್ನ ಬಿಸಿಲಲ್ಲಿಟ್ಟು ಮಲ್ಟಿಮೀಟರ್ ಹಿಡಿಯಿರಿ ಎಂದಿರಿ. 60 ಸೆಲ್‌ಗಳದ್ದು ಲೋಡ್ ಇಲ್ಲದಾಗ ಸುಮಾರು 37 ವೋಲ್ಟ್ ತೋರಬೇಕು. 25ರ ಆಸುಪಾಸಿದ್ದರೆ ನೆರಳು ಬಿದ್ದ ಸೆಲ್ ಸಾಲನ್ನು ಬಿಟ್ಟು ಕರೆಂಟ್ ದಾಟಿಸುವ ಮೂರು ಬೈಪಾಸ್ ಡಯೋಡ್‌ಗಳಲ್ಲೊಂದು ಶಾರ್ಟ್ ಆಗಿರಬಹುದು. ಡಯೋಡ್ ಬದಲಿಸಬಹುದು, ಪ್ಯಾನೆಲ್ ಹಿಂದಿನ ಜಂಕ್ಷನ್ ಬಾಕ್ಸ್ ತೆರೆಯುವಂತಿದ್ದರೆ. ಹಿಂಬದಿಯ ಹಾಳೆ ಬಿರುಕುಬಿಟ್ಟದ್ದು ಮಾತ್ರ ಬೇಡವೇ ಬೇಡ: ಒದ್ದೆಯಾದಾಗ ಫ್ರೇಮಿಗೆ ಕರೆಂಟ್ ಸೋರಬಹುದು, ದನಕರು ಓಡಾಡುವ ಜಾಗ ಬೇರೆ.

ಒಂದಕ್ಕೊಂದು ಸಾಲಾಗಿ ಜೋಡಿಸಿದ ಸರಣಿಯಲ್ಲಿ ದುರ್ಬಲ ಪ್ಯಾನೆಲ್‌ನ ಆಂಪಿಯರೇ ಉಳಿದವನ್ನೂ ಎಳೆದು ಕೂರಿಸುತ್ತದೆ. ಶಾರ್ಟ್ ಸರ್ಕ್ಯೂಟ್ ಆಂಪಿಯರ್ (ಎರಡು ತುದಿಗಳನ್ನು ಮೀಟರ್ ಮೂಲಕ ನೇರ ಸೇರಿಸಿದಾಗ ಹರಿಯುವ ಕರೆಂಟ್) ಅಳೆದು ಹತ್ತಿರದವನ್ನೇ ಜೊತೆಮಾಡಬೇಕು.

ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ, 150 ವೋಲ್ಟಿನವರೆಗೆ ತಾಳುವ ಕಂಟ್ರೋಲರಿಗೆ ಸರಣಿಯಲ್ಲಿ ನಾಲ್ಕಲ್ಲ, ಮೂರೇ ಪ್ಯಾನೆಲ್ ಎಂದು ತಡೆದಿರಲ್ಲ, ಅದು ದೊಡ್ಡ ಉಪಕಾರ. ನಾಲ್ಕಕ್ಕೆ 148 ವೋಲ್ಟ್, ಕಾಗದದಲ್ಲಿ ಸರಿ. ಚಳಿಯ ಬೆಳಗಿನಲ್ಲಿ ವೋಲ್ಟೇಜ್ ಏರಿದರೆ ಕಂಟ್ರೋಲರ್ ಸುಡುವುದು ಅಲ್ಲೇ.