ಎಷ್ಟು ಗಂಟೆ ನಿದ್ದೆ ಮಾಡಿದಿರಿ ಅಂತ ಮೊದಲು ಕೇಳಿ

ಮಾನ್ಯರೇ,

ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ ಇದೆ. ಕೆಲವು ಕಾಲ ಮನಸ್ಸು ವಿಪರೀತ ಏರುತ್ತದೆ, ಅದಕ್ಕೆ ಮೇನಿಯಾ ಅನ್ನುತ್ತಾರೆ; ಕೆಲವು ಕಾಲ ತೀರಾ ಕುಗ್ಗುತ್ತದೆ, ಅದು ಖಿನ್ನತೆ. 11 ವರ್ಷ ಆಯಿತು. ಮೂಡಿಗೆರೆ ಹತ್ತಿರ ನಮ್ಮದು 3 ಎಕರೆ ರೋಬಸ್ಟಾ ತೋಟ. ಹೋದ ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಅವನು ರಾತ್ರಿ 2 ಗಂಟೆಗೇ ಎದ್ದು ಕಣ ಗುಡಿಸುತ್ತಿದ್ದ. ನಿದ್ದೆ 3 ಗಂಟೆಯೂ ಇಲ್ಲ, ದಣಿವೂ ಇಲ್ಲ. ಹುಡುಗ ಚುರುಕಾದ ಅಂತ ನಾವೆಲ್ಲ ಖುಷಿಪಟ್ಟೆವು. ಆರನೇ ದಿನ ಸಾಲ ಮಾಡಿ ಜೀಪಿಗೆ ಅಡ್ವಾನ್ಸ್ ಕೊಟ್ಟು ಬಂದ. ಹತ್ತನೇ ದಿನ ಆಸ್ಪತ್ರೆಗೆ ಸೇರಿಸಬೇಕಾಯಿತು.

ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ವಾರ್ಡಿನಲ್ಲಿ ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಎದುರಿಗೇ ಟಿವಿ. 2 ಗಂಟೆಗೆ ಬಿಪಿ, 5 ಗಂಟೆಗೆ ಇಂಜೆಕ್ಷನ್. ಬೆಳಿಗ್ಗೆ ‘ನಿದ್ದೆ ಬಂತಾ’ ಅಂತ ಕೇಳುತ್ತಿದ್ದರು. ಅವನು ‘ಹ್ಞೂಂ’ ಅನ್ನುತ್ತಿದ್ದ. ಹಾಗೇ ಬರೆದುಕೊಂಡು ಹೋಗುತ್ತಿದ್ದರು. ಅವನು ಕಣ್ಣೇ ಮುಚ್ಚಿರಲಿಲ್ಲ. ನನ್ನ ತಪ್ಪೂ ಇತ್ತು. ಸಂಜೆ 7ಕ್ಕೆ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತಿದ್ದೆ. ಅದೂ ರೋಬಸ್ಟಾ! ಅರೇಬಿಕಾಗಿಂತ ಅದರಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ಜಾಸ್ತಿ.

ನಾಲ್ಕನೇ ರಾತ್ರಿ ಬೇರೆ ಸಿಸ್ಟರ್ ಡ್ಯೂಟಿಗೆ ಬಂದರು. ಅವನ ಮಂಚವನ್ನು ಬಾಗಿಲಿನಿಂದ ದೂರ ಎಳೆಸಿದರು. ಆ ಕಡೆಯ ಲೈಟ್ ಆರಿಸಿದರು. ಟಿವಿ ಬಂದ್. ಅವನ ಮೊಬೈಲ್ ನನ್ನ ಕೈಗೆ ಬಂತು. ಡಾಕ್ಟರನ್ನು ಕೇಳಿ ಬಿಪಿ ನೋಡುವ ಹೊತ್ತನ್ನೂ ಬದಲಿಸಿದರು. ಗಂಟೆಗೊಮ್ಮೆ ಬಂದು, ಟಾರ್ಚನ್ನು ನೆಲಕ್ಕೆ ಹಿಡಿದು, ಮಲಗಿದ್ದಾನಾ ಇಲ್ವಾ ಅಂತ ನೋಡಿ ಚೀಟಿಯಲ್ಲಿ ಗುರುತು ಹಾಕಿದರು. ಮಧ್ಯಾಹ್ನದ ಮೇಲೆ ಕಾಫಿ ಬೇಡ ಅಂದರು. ಅವರು ಹೇಳಿದ ಒಂದು ಮಾತು ನನಗೆ ಈ 11 ವರ್ಷದಲ್ಲಿ ಯಾರೂ ಹೇಳಿರಲಿಲ್ಲ: ‘ನಿದ್ದೆ ಬರದೆ ಸುಸ್ತಾಗುವುದು ಬೇರೆ ಅಕ್ಕ. ನಿದ್ದೆ ಮಾಡದೆಯೂ ಸುಸ್ತಾಗದಿದ್ದರೆ ಮೇನಿಯಾ ಶುರುವಾಗುತ್ತಿರಬಹುದು, ತಡ ಮಾಡಬೇಡಿ.’

ಈಗ ನಮ್ಮ ಮನೆಯಲ್ಲಿ 200 ಪುಟದ ಒಂದು ನೋಟ್‌ಬುಕ್ ಇದೆ. ಮಲಗಿದ್ದು, ಎದ್ದಿದ್ದು, ಮಾತ್ರೆ ನುಂಗಿದ್ದು, ಅಷ್ಟೇ ಬರೆಯುತ್ತೇವೆ. ಭಾನುವಾರವೂ 6 ಗಂಟೆಗೆ ಏಳುತ್ತಾನೆ. ಎರಡು ರಾತ್ರಿ ನಿದ್ದೆ ತೀರಾ ಕಮ್ಮಿಯಾದರೆ ಡಾಕ್ಟರಿಗೆ ಫೋನ್ ಮಾಡುತ್ತೇವೆ. ಆಷಾಢದ ಮಳೆಯಲ್ಲಿ ದಿನಕ್ಕೆ 13 ಗಂಟೆ ಮಲಗಿದ. ನೆಂಟರು ಸೋಮಾರಿ ಅಂದರು. ಅದು ಕಾಯಿಲೆಯ ಇನ್ನೊಂದು ಮುಖ, ಖಿನ್ನತೆ, ಅಂತ ಆ ನೋಟ್‌ಬುಕ್ ನೋಡಿಯೇ ಗೊತ್ತಾಗಿದ್ದು. ಒಂದೇ ರಾತ್ರಿ ನಿದ್ದೆಗೆಟ್ಟರೂ ಮೇನಿಯಾ ಕೆರಳಬಹುದಂತೆ. ಅದಕ್ಕೇ ಈ ಸಲ ಶಿವರಾತ್ರಿ ಜಾಗರಣೆಯನ್ನು ಅಮ್ಮ ಒಬ್ಬರೇ ಮಾಡಿದರು. ಅವನು 10ಕ್ಕೆ ಮಲಗಿದ. ಶಿವ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಅಮ್ಮನೇ ಹೇಳಿದ್ದು.

ಜಿಲ್ಲೆಯ ನರ್ಸ್‌ಗಳಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಇಂಥ ರೋಗಿ ಬಂದರೆ ‘ನಿದ್ದೆ ಬಂತಾ’ ಅನ್ನಬೇಡಿ, ‘ಎಷ್ಟು ಗಂಟೆ’ ಅಂತ ಕೇಳಿ ಬರೆದಿಡಿ. ಮನೆಯವರಿಗೂ ಬರೆಯಲು ಕಲಿಸಿ. ಆಸ್ಪತ್ರೆ ನಡೆಸುವವರು ವಾರ್ಡಿನಲ್ಲಿ ಮಂಚದ ಸಾಲಿಗೊಂದು ಬೇರೆ ಸ್ವಿಚ್ ಹಾಕಿಸಿಕೊಡಿ. ಅದಕ್ಕೆ ದೊಡ್ಡ ಖರ್ಚೇನೂ ಆಗುವುದಿಲ್ಲ, ಅಲ್ವಾ? ನಡುರಾತ್ರಿ ದಿಕ್ಕು ತೋಚದ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ.

ನಮ್ಮ ನೋಟ್‌ಬುಕ್ಕಿನ ಒಂದು ಪುಟವನ್ನು, ತಮ್ಮನನ್ನು ಕೇಳಿಯೇ, ಜೆರಾಕ್ಸ್ ಮಾಡಿಸಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಯಾರಾದರೂ ಕೇಳಿದರೆ ದಯವಿಟ್ಟು ಕೊಡಿ.

– ಒಬ್ಬ ಅಕ್ಕ, ಮೂಡಿಗೆರೆ ತಾಲ್ಲೂಕು