ಬಿಳಿ ಚೂರುಗಳ ಕ್ಯಾಪ್ಟನ್

ವೇಲ್ಸಿನ ಕಾರ್ಡಿಫ್‌ನಲ್ಲಿರುವ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. ರಾಜ್ಯೋತ್ಸವದ ಬಗ್ಗೆ ಬರೆಯಲೆಂದು ಕುಳಿತವನಿಗೆ ಮಗಳು ಕಳೆದ ಭಾನುವಾರ ಆಡಿದ ಮಾತೇ ನೆನಪಾಗುತ್ತಿದೆ.

ಆರು ತಿಂಗಳ ವಾಸ ಮುಗಿಸಿ ಊರಿಗೆ ಹೊರಟಿದ್ದ ಅಮ್ಮನನ್ನು ಅಂದು ಕಾರ್ಡಿಫ್ ಕೊಲ್ಲಿಯ ದಂಡೆಗೆ ಕರೆದೊಯ್ದಿದ್ದೆವು. ನಾರ್ವೇಜಿಯನ್ ಚರ್ಚಿನ ಸಮೀಪ, ಜೊನಾಥನ್ ವಿಲಿಯಮ್ಸ್ ರೂಪಿಸಿ 2003ರಲ್ಲಿ ನಿಲ್ಲಿಸಿದ, ದಕ್ಷಿಣ ಧ್ರುವ ಯಾತ್ರೆಯಲ್ಲಿ ಮಡಿದ ಬ್ರಿಟನ್ನಿನ ಕ್ಯಾಪ್ಟನ್ ಸ್ಕಾಟ್ ಸ್ಮಾರಕವಿದೆಯಲ್ಲ, ಮೈತುಂಬ ಬಿಳಿ ಟೈಲಿನ ಚೂರು ಹೊದ್ದ ಹಿಮದ ರಾಶಿಯಂಥದ್ದು, ಅದರ ಮೇಲೆ ಅಂಗೈ ಆಡಿಸಿದ ಮಗಳು "ಅಜ್ಜಿ, ಇದು ನಿಮ್ಮನೆ ತಾರಸಿ!" ಎಂದಳು.

ದಾವಣಗೆರೆಯ ನಮ್ಮ ಮನೆಯ ತಾರಸಿಗೆ ಅಪ್ಪ ಟೈಲ್ಸ್ ಅಂಗಡಿಗಳಿಂದ ಒಡೆದ ಬಿಳಿ ಚೂರುಗಳನ್ನು ಬೇಡಿ, ಗೋಣಿಚೀಲದಲ್ಲಿ ತುಂಬಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ತಂದಿದ್ದರು. ಬಿಸಿಲು ಕೆಳಗಿನ ಕೋಣೆಗೆ ಇಳಿಯದಿರಲೆಂದು ಗಾರೆಯವರು ಅವನ್ನು ಸಿಮೆಂಟಿನಲ್ಲಿ ಒಂದೊಂದಾಗಿ ಒತ್ತುತ್ತ ಹೋದರು. ಅಷ್ಟು ಬಿಳುಪಿನ ನಡುವೆ ನೀಲಿ ಹೂವಿನ ಒಂದೇ ಒಂದು ಚೂರು ಹೇಗೋ ಸೇರಿಕೊಂಡಿತ್ತು. ಬೇಸಿಗೆಯಲ್ಲಿ ಅಮ್ಮ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರೆ, ಕಾಗೆ ಕಾಯುವ ನೆಪದಲ್ಲಿ ಕುಳಿತ ನಾನು, ಕಣ್ಣು ಕೋರೈಸುವ ಆ ಬೆಳಕಿನಲ್ಲಿ ನೀಲಿ ಹೂವನ್ನು ಹುಡುಕುತ್ತಿದ್ದೆ. ಅಲ್ಲಿ ಬಿಸಿಲಿಗೆ ಅಡ್ಡ ಹಿಡಿದ ಚೂರು ಇಲ್ಲಿ ದಕ್ಷಿಣ ಧ್ರುವದ ಹಿಮವಾಗಿ ನಿಂತಿದೆ.

ಸ್ಕಾಟ್ ಈ ಊರಿನವರಲ್ಲ. ಆದರೂ ಅವರ ಟೆರಾ ನೋವಾ ಹಡಗು ಇಲ್ಲಿನ ಕಲ್ಲಿದ್ದಲನ್ನು ತುಂಬಿಕೊಂಡು 1910ರ ಜೂನ್ 15ರಂದು ಹೊರಟದ್ದು ಈ ಬಂದರಿನಿಂದಲೇ. ಯಾತ್ರೆಗೆ ಧಾರಾಳವಾಗಿ ಹಣ ಕೊಟ್ಟ ಊರಿಗೇ ಮೊದಲು ಮರಳಬೇಕೆಂದಿದ್ದ ಆ ಹಡಗು 1913ರ ಜೂನ್ 14ರಂದು ಮರಳಿತು, ಸ್ಕಾಟ್ ಸೇರಿ ಐವರನ್ನು ಹಿಮದಲ್ಲಿ ಬಿಟ್ಟು. ಆ ಐವರಲ್ಲಿ ಎಡ್ಗರ್ ಇವಾನ್ಸ್ ಇದೇ ವೇಲ್ಸಿನ ಗೋವರ್ ಕಡೆಯವರು. ಈ ಐವರು ದಕ್ಷಿಣ ಧ್ರುವ ಮುಟ್ಟಿದ್ದು 1912ರ ಜನವರಿ 17ರಂದು. ನಾರ್ವೆಯ ಅಮುಂಡ್ಸೆನ್ ಅದಕ್ಕೂ 34 ದಿನ ಮೊದಲೇ ಅಲ್ಲಿ ಬಾವುಟ ನೆಟ್ಟಾಗಿತ್ತು. ಸೋತವರ ಸ್ಮಾರಕವನ್ನು ಗೆದ್ದವರ ನಾಡಿನ ನಾವಿಕರಿಗಾಗಿ ಕಟ್ಟಿದ ಚರ್ಚಿನ ಪಕ್ಕದಲ್ಲೇ ನಿಲ್ಲಿಸಿದ್ದು ನನಗಂತೂ ಸರಿಯೆನಿಸಿದೆ. ಇದೇ ಊರಿನ ರೋತ್ ಪಾರ್ಕಿನ ಕೆರೆಯಲ್ಲಿ 1915ರಲ್ಲಿ ಕಟ್ಟಿದ ಬಿಳಿ ದೀಪಸ್ತಂಭವೂ ಸ್ಕಾಟ್ ತಂಡದ ನೆನಪಿನದೇ. ತುದಿಯಲ್ಲಿರುವ ಪುಟ್ಟ ಹಡಗನ್ನು, ವರ್ಷಗಟ್ಟಲೆ ಅಲ್ಲಿ ಬಾತುಗಳಿಗೆ ಕಾಳು ಹಾಕಿದ ನಾವೆಷ್ಟು ಮಂದಿ ತಲೆಯೆತ್ತಿ ನೋಡಿದ್ದೇವೆ?

ಆದ್ದರಿಂದ ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಮಕ್ಕಳೊಡನೆ ಆ ಕೆರೆಯ ಬಳಿ ಸೇರಿ, ಅಲ್ಲಿಂದ ಕೊಲ್ಲಿಯ ಸ್ಮಾರಕಕ್ಕೆ ಹೋಗೋಣ. ಬುತ್ತಿ ನಿಮ್ಮದು, ಕಾಫಿ ಸಂಘದ್ದು. ಆ ವಾರ ಕನ್ನಡ ತರಗತಿ ಇರುವುದಿಲ್ಲ. ರಾಜ್ಯೋತ್ಸವ ನವೆಂಬರಿನ ಎರಡನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ. ತಟ್ಟೆ, ಲೋಟ ಮನೆಯಿಂದಲೇ ತನ್ನಿ, ಊಟಕ್ಕೆ ಎಷ್ಟು ಜನ ಎಂಬುದನ್ನು ಬುಧವಾರದೊಳಗೆ ತಿಳಿಸಿ. ಪುಟ ಜೋಡಿಸಲು, ಕರಡು ತಿದ್ದಲು ಬಲ್ಲವರು ಒಬ್ಬರಾದರೂ ಮುಂದೆ ಬಂದರೆ ಬಹಳ ಉಪಕಾರವಾದೀತು. ಐದು ವರ್ಷದಿಂದ ಈ ಗಾಡಿಯನ್ನು ಒಬ್ಬನೇ ಎಳೆಯುತ್ತಿದ್ದೇನೆ.

ನೀಲಿ ಹೂವಿನ ಕಥೆಯನ್ನು ಅಜ್ಜಿಯಿಂದ ಕೇಳಿದ್ದ ಮಗಳು ಅಂದು ಸ್ಮಾರಕವನ್ನು ಎರಡು ಸುತ್ತು ಬಂದಳು. ಅಮ್ಮನದು ಬೇರೆಯೇ ಚಿಂತೆ. ನಿನ್ನೆ ಊರು ತಲುಪಿ ಫೋನ್ ಮಾಡಿದವರು, "ಸದಾ ಮಳೆ ಬೀಳುವ ಊರು, ಆ ಚೂರುಗಳ ಸಂದಿಯ ಪಾಚಿಯನ್ನು ಯಾರಪ್ಪ ಉಜ್ಜುತ್ತಾರೆ?" ಎಂದು ಕೇಳಿದರು.